ಕಣ್ಣು ಬಿಟ್ಟು ಮಾಡಿದ ಪ್ರಾರ್ಥನೆ

ಆಗಸ್ಟ್ ೫, ಮಂಗಳವಾರ

‘ಕಣ್ಣು ಮುಚ್ಚಿದರಷ್ಟೇ ಹೊತ್ತಿಕೊಳ್ಳುವ ದೀಪವೊಂದಿದೆ.’ ಎಂ.ಎ. ಓದುವಾಗ ಎಲ್ಲೋ ಕಂಡ ಸಾಲು. ಬರೆದವರು ಯಾರೋ, ಮುಂದಿನ ಸಾಲು ಏನೋ, ಎರಡೂ ಮರೆತಿವೆ. ಬೆಳಿಗ್ಗೆ ಹಲ್ಲುಜ್ಜುವಾಗ ನೆನಪಾದದ್ದು ದಿನವಿಡೀ ಬೆನ್ನು ಬಿಡಲಿಲ್ಲ. ಆಗ ಈ ಸಾಲಿಗೆ ಮಾರುಹೋಗಿದ್ದೆ. ಇವತ್ತು ಒಂದು ಸಣ್ಣ ತಕರಾರು ಎದ್ದಿತು. ದೀಪ ಹೊತ್ತಿಕೊಂಡಿತು, ಸರಿ. ಕಣ್ಣು ಮುಚ್ಚಿಯೇ ಇದ್ದರೆ ಆ ಬೆಳಕಿನಲ್ಲಿ ನೋಡುವುದು ಏನನ್ನು? ಕವಿಗಳನ್ನು ಹೀಗೆಲ್ಲ ಪಾಟೀಸವಾಲಿಗೆ ನಿಲ್ಲಿಸಬಾರದು. ವಯಸ್ಸಾಗುತ್ತಿದೆ ನನಗೆ.

ಸಂಜೆ ನನ್ನ ಆಪ್ತಸಮಾಲೋಚನೆಯ ಕ್ಲಿನಿಕ್ಕಿಗೆ ಹೊಸಬರು ಬಂದರು. ನಮ್ಮ ಚರ್ಚಿನವರಲ್ಲ, ಊರಿನ ಆ ಕಡೆಯ ಚರ್ಚಿನ ಸಭಾಪಾಲಕರು. ಬಾಗಿಲು ತುಂಬುವಂಥ ಆಳು, ಹೊಟ್ಟೆಯಿಂದ ಏಳುವ ದನಿ. ಗಂಟಲಿನ ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, ಗಂಟಲಿಗೇನೂ ಆಗಿಲ್ಲ, ಮನಸ್ಸಿನವರಿಗೆ ತೋರಿಸಿ ಎಂದು ಸಾಗಹಾಕಿದ್ದಾರೆ. ಮಾತಾಡಲು ತೊಂದರೆಯಿಲ್ಲ. ಭಾನುವಾರದ ಉಪದೇಶ, ಅಂದರೆ ಪ್ರಸಂಗವನ್ನೂ ಮಾಡುತ್ತಾರೆ. ಪ್ರಾರ್ಥಿಸಲು ಹೊರಟರೆ ಮಾತ್ರ ‘ತಂದೆಯೇ’ ಅನ್ನುವಷ್ಟರಲ್ಲಿ ದನಿ ಕಟ್ಟಿಕೊಳ್ಳುತ್ತದೆ. ಅವರ ಅಣ್ಣ ತೀರಿಕೊಂಡ ಮೇಲೆ ಶುರುವಾದದ್ದು.

“ನನ್ನ ಬೈಯೋವಾಗ ಇವರಿಗೆ ಮೈಕೇ ಬೇಡ ಮೇಡಂ,” ಎಂದರು ಪಕ್ಕದಲ್ಲಿ ಕೂತಿದ್ದ ಹೆಂಡತಿ. “ದೇವರ ಹತ್ರ ಮಾತಾಡೋಕೆ ಹೋದ್ರೆ ಮೂಗ.”

“ನೀನು ಉತ್ತರ ಕೊಡ್ತೀಯಲ್ಲ, ಅದಕ್ಕೆ,” ಎಂದರು ಅವರು. ಮೂವರೂ ನಕ್ಕೆವು. ನಗು ಮೊದಲು ನಿಂತದ್ದು ಅವರದ್ದು.

ಸಭೆಯ ಹಿರಿಯರು ಸೆಪ್ಟೆಂಬರ್ ಕೊನೆಯ ಭಾನುವಾರದವರೆಗೆ ಗಡುವು ಕೊಟ್ಟಿದ್ದಾರೆ. ಆವತ್ತು ಆರಾಧನೆ ಪೂರ್ತಿ ಅವರೇ ನಡೆಸಬೇಕು. ಆಗದಿದ್ದರೆ ‘ವಿಶ್ರಾಂತಿ’. ಪೀಠವೂ ಹೋಗುತ್ತದೆ, ಚರ್ಚಿನ ಹಿಂದಿನ ಮನೆಯೂ ಹೋಗುತ್ತದೆ. “ಮನೆ ಹೋದ್ರೆ ಹೋಗ್ಲಿ ಮೇಡಂ,” ಎಂದರು. “ಪ್ರಾರ್ಥನೆ ಮಾಡೋಕೆ ಬರದ ಪಾದ್ರಿ ಅಂದ್ರೆ, ನಾನು ಯಾರು ಅಂತ.”

ಕಾಲೇಜಿನ ಮನಃಶಾಸ್ತ್ರ ವಿಭಾಗದಲ್ಲಿ ಸಹೋದ್ಯೋಗಿಗಳು ಹಿಂದಿನಿಂದ ನನ್ನನ್ನು ‘ಮದರ್’ ಅನ್ನುತ್ತಾರೆ. ಚರ್ಚಿನಲ್ಲಿ ನಾನು ‘ಹುಚ್ಚಿನ ಡಾಕ್ಟರಮ್ಮ’. ಇವರಿಗೆ ಎರಡೂ ಬೇಕಂತೆ, ಅದಕ್ಕೇ ಹುಡುಕಿಕೊಂಡು ಬಂದರಂತೆ. ಹೆಮ್ಮೆಯೆನಿಸಿತು.

ಅಮ್ಮ ಊಟದ ಹೊತ್ತಿಗೆ “ಕ... ಕ...” ಅಂದರು. ಕನ್ನಡಕ ತಂದುಕೊಟ್ಟೆ. ಹಾಕಿಕೊಂಡು, ನನ್ನನ್ನು ನೋಡಿ, ತೆಗೆದಿಟ್ಟರು. ಹೋದ ವರ್ಷದ ಪಾರ್ಶ್ವವಾಯುವಿನಿಂದ ಕೈಕಾಲು ಚೇತರಿಸಿಕೊಂಡವು, ಮಾತು ಮಾತ್ರ ಇನ್ನೂ ದಾರಿಯಲ್ಲೇ ಇದೆ. ಜೀವಮಾನವಿಡೀ ಚಿಕ್ಕ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟ ಬಾಯಿ. ಆಯಾಸವಾಗದಿರಲೆಂದು ಅವರ ಮಾತನ್ನೆಲ್ಲ ನಾನೇ ಪೂರ್ತಿ ಮಾಡಿಬಿಡುತ್ತೇನೆ.

ಆಗಸ್ಟ್ ೧೨, ಮಂಗಳವಾರ

ಒಳ್ಳೆಯ ದಿನ! ಎಷ್ಟೋ ತಿಂಗಳ ನಂತರ ಈ ಪದ ಬರೆಯುತ್ತಿದ್ದೇನೆ.

ಪ್ರಾರ್ಥನೆಯ ಮಾತನ್ನು ನಾನಾಗಿ ಎತ್ತುವುದಿಲ್ಲ, ಬಂದವರು ಕೇಳಿದರೆ ಮಾತ್ರ ಎಂಬುದು ನನ್ನ ಕಟ್ಟುನಿಟ್ಟು. ಇವತ್ತು ಸಭಾಪಾಲಕರೇ ಕೇಳಿದರು. ಇಬ್ಬರೂ ತಲೆ ಬಾಗಿಸಿದೆವು, ನಾನು ಕಣ್ಣು ಮುಚ್ಚಿದೆ. “ತಂದೆಯೇ...” ಅಂದರು. ನಿಂತಿತು. ಫ್ಯಾನಿನ ಸದ್ದು. ಕೆಳಗಿನ ಕನ್ನಡಕದಂಗಡಿಯಲ್ಲಿ ಯಾರೋ ಗಾಜು ಉಜ್ಜುವ ಸದ್ದು. ಅವರ ಉಸಿರು ಮೇಲೆ ಕೆಳಗಾಗುತ್ತಿತ್ತು. ನನಗೆ ತಡೆಯಲಾಗಲಿಲ್ಲ. ಅವರು ಬಿಟ್ಟಲ್ಲಿಂದ ಎತ್ತಿಕೊಂಡು ನಾನೇ ಪ್ರಾರ್ಥಿಸಿದೆ. ಪದಗಳು ತಾವಾಗಿ ಬಂದವು, ಚೆನ್ನಾಗಿಯೂ ಬಂದವು. ಕಣ್ಣು ಬಿಟ್ಟಾಗ ಅವರ ಕೆನ್ನೆ ಒದ್ದೆಯಾಗಿತ್ತು.

“ಎಷ್ಟೋ ಹಗುರಾಯ್ತು,” ಎಂದರು.

ವಿದ್ಯೆಯೂ ವಿಶ್ವಾಸವೂ ಒಂದೇ ಕುರ್ಚಿಯಲ್ಲಿ ಇಕ್ಕಟ್ಟಿಲ್ಲದೆ ಕೂತ ದಿನ. ಮನೆಗೆ ನಡೆದೇ ಬಂದೆ.

ಆಗಸ್ಟ್ ೧೯, ಮಂಗಳವಾರ

ಬರಲಿಲ್ಲ. ಕಾದು ಕಾದು ಬಾಗಿಲು ಹಾಕುವಾಗ ಸಭಾಪಾಲಕರ ಹೆಂಡತಿಯ ಫೋನ್. ಭಾನುವಾರ ಪೀಠದ ಮೇಲೆ ‘ತಂದೆಯೇ’ ಕೂಡ ಹೊರಡಲಿಲ್ಲವಂತೆ. ಯಾರೋ ಹಾಡು ಶುರುಮಾಡಿ ಮಾನ ಉಳಿಸಿದರಂತೆ. ಮನೆಯಲ್ಲಿ ಊಟದ ಮುಂಚಿನ ಪ್ರಾರ್ಥನೆಯನ್ನೂ ಬಿಟ್ಟಿದ್ದಾರೆ.

“ನಿಮ್ಮ ಹತ್ರ ಬಂದು ಹೋದ್ಮೇಲೇ ಜಾಸ್ತಿ ಆಯ್ತು ಮೇಡಂ. ತಪ್ಪು ತಿಳ್ಕೋಬೇಡಿ.”

ತಪ್ಪು ತಿಳಿದುಕೊಳ್ಳಲು ಏನೂ ಉಳಿದಿರಲಿಲ್ಲ.

ಆಗಸ್ಟ್ ೨೧, ಗುರುವಾರ

ಸರ್ ಮನೆಗೆ ಹೋದೆ. ನನಗೆ ಈ ವಿದ್ಯೆ ಕಲಿಸಿದವರು, ಈಗ ನಿವೃತ್ತರು. ಕೈ ಮೀರಿದ ಪ್ರಕರಣಗಳನ್ನು ಹೆಸರು, ಗುರುತು ಬಿಟ್ಟು ಇಂದಿಗೂ ಅವರ ಮುಂದೆ ಬಿಚ್ಚುತ್ತೇನೆ. ದೇವರನ್ನು ನಂಬುವವರಲ್ಲ. ಗಿಡಗಳಿಗೆ ನೀರು ಹಾಕುತ್ತಲೇ ಕೇಳಿಸಿಕೊಂಡರು.

“ದನಿ ನಿಂತಾಗ ಅವರ ಮುಖ ಹೇಗಿತ್ತಮ್ಮಾ?”

“ನೋಡಲಿಲ್ಲ ಸರ್.”

“ಕೈ?”

“ಕಣ್ಣು ಮುಚ್ಚಿದ್ದೆ ಸರ್. ಪ್ರಾರ್ಥನೆಯಲ್ಲಿದ್ದೆವಲ್ಲ.”

ನೀರಿನ ಪೈಪು ಕೆಳಗಿಟ್ಟರು. “ಕನ್ನಡಕದಂಗಡಿ ಮಹಡಿ ಮೇಲೆ ಕೂತು ಕಣ್ಣು ಮುಚ್ಕೊಳ್ತೀಯಲ್ಲ, ಚೆನ್ನಾಗಿದೆ. ಆಮೇಲೆ?”

“ಆಮೇಲೆ ನಾನೇ ಪ್ರಾರ್ಥನೆ ಮುಗಿಸಿದೆ.”

“ಹಸಿವಾಗ್ತಿಲ್ಲ ಅಂತ ಯಾರಾದ್ರೂ ಬಂದ್ರೆ, ಅವರ ತಟ್ಟೇಲಿರೋದನ್ನ ನೀನೇ ತಿಂದು ಕಳಿಸ್ತೀಯಾ?”

ಮುಖಕ್ಕೆ ನೀರೆರಚಿದಂತಾಯಿತು. ಪೈಪು ಮತ್ತೆ ಎತ್ತಿಕೊಂಡು ಅವರೇ ಮೆತ್ತಗಾದರು. “ನಿನ್ನ ದೇವರಿಗೂ ನನಗೂ ಪರಿಚಯ ಇಲ್ಲ. ಆದ್ರೆ ಅವನಿಗೆ ಅಷ್ಟೊಂದು ಅವಸರ ಇರ್ಲಿಕ್ಕಿಲ್ಲ. ಅವಸರ ನಿನ್ನದು.”

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಸಿಟ್ಟು ಮಾಡಿಕೊಂಡೆ. ಮನೆ ಮುಟ್ಟುವ ಹೊತ್ತಿಗೆ ಆ ಸಿಟ್ಟು ಯಾರ ಮೇಲೆ ಎಂಬುದು ಸ್ಪಷ್ಟವಾಗಿತ್ತು.

ಆಗಸ್ಟ್ ೨೩, ಶನಿವಾರ

ಕಣ್ಣು ಬಿಟ್ಟು ಪ್ರಾರ್ಥಿಸಲು ನೋಡಿದೆ. ಬಟ್ಟೆ ತೊಡದೆ ಬೀದಿಗೆ ಬಂದಂಥ ಮುಜುಗರ. ಮೊದಲು ಗೋಡೆಯ ಜೇಡರ ಬಲೆ ಕಂಡಿತು, ಆಮೇಲೆ ಹಾಲಿನ ಪಾತ್ರೆ, ಆಮೇಲೆ ಅಮ್ಮ.

ಊಟಕ್ಕೆ ಮುಂಚೆ ನಾನು ಹೇಳುತ್ತೇನೆ, ಅಮ್ಮ ಸುಮ್ಮನೆ ಕೂತಿರುತ್ತಾರೆ ಎಂದು ಇಷ್ಟು ದಿನ ತಿಳಿದಿದ್ದೆ. ಸುಮ್ಮನೆ ಎಲ್ಲಿ! ತುಟಿ ಅಲುಗುತ್ತಿದೆ. ನಾನು ‘ಆಮೆನ್’ ಅನ್ನುವ ಹೊತ್ತಿಗೆ ಅವರಿನ್ನೂ ಎರಡನೆಯದೋ ಮೂರನೆಯದೋ ಪದದ ಹತ್ತಿರ ಇದ್ದಾರೆ. ಹಾಗಾಗಿ ಇವತ್ತು ಆಮೆನ್ ಅನ್ನಲಿಲ್ಲ. ಊಟ ಆರಿ ತಣ್ಣಗಾಯಿತು. ಮತ್ತೆ ಬಿಸಿ ಮಾಡಿದೆ.

ಆಗಸ್ಟ್ ೨೬, ಮಂಗಳವಾರ

ಸಭಾಪಾಲಕರಿಗೆ ನಾನೇ ಫೋನ್ ಮಾಡಿದ್ದೆ. ಬಂದರು, ಕುರ್ಚಿಯ ತುದಿಯಲ್ಲಿ ಕೂತರು.

“ಅವತ್ತು ನಿಮ್ಮ ಪ್ರಾರ್ಥನೇನ ನಾನು ಮುಗಿಸಿಬಿಟ್ಟೆ. ಅದು ನಿಮ್ಮದಾಗಿತ್ತು. ನನ್ನಿಂದ ತಪ್ಪಾಯ್ತು.”

ಅವರು ಹೊಟ್ಟೆ ಕುಲುಕಿಸಿ ನಕ್ಕರು. “ಮೇಡಂ, ನಾನು ಇಷ್ಟು ವರ್ಷ ಮಾಡಿದ ಕೆಲಸಾನೇ ಅದು! ಜನ ಅಳೋಕೆ ಬಾಯಿ ತೆಗೆಯೋಷ್ಟರಲ್ಲಿ ನಾನು ಪ್ರಾರ್ಥನೆ ಶುರು ಮಾಡಿರ್ತಿದ್ದೆ. ನನ್ನ ಪ್ರಾರ್ಥನೆ ಉದ್ದ ಅಂತ ಮನೇಲಿ ಒಲೆ ಆರಿಸಿ ಬರ್ತಿದ್ರು ಜನ.”

ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕೂತರು.

ಇವತ್ತು ಅವರು ಪ್ರಾರ್ಥಿಸಲು ಯತ್ನಿಸಿದಾಗ ನಾನು ಕಣ್ಣು ಮುಚ್ಚಲಿಲ್ಲ. ಮೊದಲೇ ಹೇಳಿ ಒಪ್ಪಿಗೆ ಪಡೆದಿದ್ದೆ. ನೋಡಿದೆ. ‘ತಂದೆಯೇ’ ಅನ್ನುವವರೆಗೆ ಮುಖ ತಿಳಿಯಾಗಿತ್ತು. ರೆಪ್ಪೆ ಕೂಡಿದ ಕ್ಷಣಕ್ಕೆ ಕುತ್ತಿಗೆಯ ನರ ಉಬ್ಬಿತು. ಬಲಗೈ ಕುರ್ಚಿಯ ಹಿಡಿಯ ಮೇಲೆ ಏನನ್ನೋ ತಡಕಾಡಿತು, ಕತ್ತಲಲ್ಲಿ ಸ್ವಿಚ್ಚು ಹುಡುಕುವವರ ಹಾಗೆ. ದನಿ ಕಟ್ಟುವುದು ‘ತಂದೆ’ ಎಂಬ ಮಾತಿಗಲ್ಲ, ದೇವರಿಗೂ ಅಲ್ಲ. ಕಣ್ಣು ಮುಚ್ಚಿದ್ದಕ್ಕೆ!

ಹೇಳಿಬಿಡಲು ನಾಲಿಗೆ ತುರಿಸಿತು. ಹೇಳಲಿಲ್ಲ. “ನಿಮ್ಮ ಕೈ ಏನನ್ನ ಹುಡುಕ್ತಿತ್ತು?” ಎಂದಷ್ಟೇ ಕೇಳಿದೆ.

ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಎದ್ದು ಹೊರಟರು. ಮುಂದಿನ ವಾರ ಬರುತ್ತೇನೆಂದು ಬಾಗಿಲಲ್ಲಿ ಹೇಳಿದರು.

ಸೆಪ್ಟೆಂಬರ್ ೨, ಮಂಗಳವಾರ

ಬಂದು ಕೂತು, ನಿಗದಿಯಾದ ಸಮಯದ ಅರ್ಧಕ್ಕಿಂತ ಹೆಚ್ಚು ಹೊತ್ತು ತಮ್ಮ ಬಲಗೈಯನ್ನೇ ನೋಡಿಕೊಂಡರು. ನಾನು ಕಾದೆ. ಕೆಳಗೆ ಅಂಗಡಿಯವನು ಯಾರಿಗೋ ಅಕ್ಷರ ಓದಿಸುತ್ತಿದ್ದ. “ಈಗ ಕಾಣುತ್ತಾ? ಈಗ?”

ಆಮೇಲೆ ಹೇಳಿದರು. ಅಣ್ಣ ಆಸ್ಪತ್ರೆಯಲ್ಲಿ ಕೊನೆಯ ಗಳಿಗೆಯಲ್ಲಿದ್ದ. ಇವರು ಹಾಸಿಗೆ ಪಕ್ಕ ಅವನ ಕೈ ಹಿಡಿದು ಪ್ರಾರ್ಥನೆ ಶುರುಮಾಡಿದರು. ತಮ್ಮ ಎಂದಿನ ಉದ್ದದ ಪ್ರಾರ್ಥನೆ, ದನಿಯೆತ್ತಿ, ಕಣ್ಣು ಮುಚ್ಚಿ. ಯಾರೋ ಭುಜ ತಟ್ಟಿದರು. ನಿಲ್ಲಿಸಲಿಲ್ಲ. ಮತ್ತೆ ತಟ್ಟಿದರು. ಕಣ್ಣು ಬಿಟ್ಟರೆ ನರ್ಸು. ಅಣ್ಣ ಆಗಲೇ ಹೋಗಿಬಿಟ್ಟಿದ್ದ. ಅಣ್ಣನ ಕಣ್ಣು ತೆರೆದಿತ್ತು, ಮುಖ ಇವರ ಕಡೆಗೇ ತಿರುಗಿತ್ತು. ಕೈ ಯಾವಾಗ ಜಾರಿತೋ ಇವರಿಗೆ ಗೊತ್ತಿಲ್ಲ.

“ಅವನು ನನ್ನನ್ನ ನೋಡ್ತಿದ್ದ ಮೇಡಂ. ಕೊನೇ ಸಲ. ನಾನು ಮುಚ್ಚಿದ ಕಿಟಕಿ ತರ ಕೂತಿದ್ದೆ.”

ಹೇಳಬಹುದಾದ ಸಾಂತ್ವನದ ಮಾತುಗಳೆಲ್ಲ ನನ್ನ ಬಾಯಿಯ ಹೊಸ್ತಿಲಿಗೆ ಬಂದು ನಿಂತವು. ವೃತ್ತಿಯವು ಒಂದು ಕಡೆ, ನಂಬಿಕೆಯವು ಇನ್ನೊಂದು ಕಡೆ. ಯಾವುದನ್ನೂ ಆಚೆ ಬಿಡಲಿಲ್ಲ. ಅವರನ್ನು ನೋಡುತ್ತಾ ಕೂತೆ. ನನಗೆ ಆಗ ಬೇರೆ ಪ್ರಾರ್ಥನೆ ಇರಲಿಲ್ಲ.

ಸೆಪ್ಟೆಂಬರ್ ೪, ಗುರುವಾರ

ತರಗತಿಯಲ್ಲಿ ಹಿಂದಿನ ಬೆಂಚಿನ ತರಲೆ ಹುಡುಗಿ ಕೇಳಿದಳು. “ಮೇಡಂ, ಪ್ರಾರ್ಥನೇನ ಚಿಕಿತ್ಸೆ ಅನ್ಬೋದಾ?” ಇದಕ್ಕೆ ನನ್ನ ಹತ್ತಿರ ಇಸ್ತ್ರಿ ಮಾಡಿಟ್ಟ ಉತ್ತರವೊಂದಿದೆ, ಪ್ರತಿ ವರ್ಷ ಹೊರತೆಗೆಯುತ್ತೇನೆ. ಇವತ್ತು ಏಕೋ ಬೇಡವೆನಿಸಿ, “ನಿಂಗೇನನ್ಸುತ್ತೆ?” ಎಂದು ಕೇಳಿ ಕುರ್ಚಿಯಲ್ಲಿ ಕೂತುಬಿಟ್ಟೆ. ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ಪಾಠ ಹಿಂದೆ ಬಿತ್ತು.

ಮಧ್ಯಾಹ್ನ ಅಮ್ಮ ಮತ್ತೆ “ಕ... ಕ...” ಶುರುಮಾಡಿದರು. ಕೈಯಲ್ಲಿದ್ದ ಕೆಲಸ ಬಿಟ್ಟು ಎದುರು ಕೂತೆ. ಕೊನೆಗೆ “ಕದ” ಎಂದರು. “ಕದ... ತೆಗಿ.” ಇಷ್ಟು ತಿಂಗಳಿಂದ ಕೇಳುತ್ತಿದ್ದದ್ದು ಇದನ್ನೇ. ಗಾಳಿ ತಾಗಬಾರದೆಂದು ನಾನು ಮುಂಬಾಗಿಲಿಗೆ ಅಮ್ಮನ ಕೈಗೆಟುಕದ ಮೇಲಿನ ಚಿಲಕ ಹಾಕಿಡುತ್ತಿದ್ದೆ. ತೆಗೆದೆ. ಅಮ್ಮ ಬೀದಿ ನೋಡುತ್ತಾ ಕೂತರು, ಸಿನಿಮಾ ನೋಡುವ ಮಕ್ಕಳ ಹಾಗೆ.

ತೆರೆದ ಬಾಗಿಲಿಗೆ ಬಂದ ಮೊದಲ ಅತಿಥಿ ಎದುರು ಮನೆಯ ಅಕ್ಕ. ರೈಲು ನಿಲ್ದಾಣದಲ್ಲಿ ಘೋಷಣೆ ಮಾಡುತ್ತಿದ್ದವರು, ನಿವೃತ್ತರಾದರೂ ದನಿ ನಿವೃತ್ತವಾಗಿಲ್ಲ. “ದಯವಿಟ್ಟು ಗಮನಿಸಿ! ಈ ಬಾಗಿಲು ಬಹಳ ತಡವಾಗಿ ತೆರೆದಿದೆ!” ಎಂದು ಒಳಗೆ ಬಂದರು. ಇನ್ನು ಮೇಲೆ ನಾನು ಹೊರಗೆ ಹೋದಾಗ ಅಮ್ಮನ ಜೊತೆ ಕೂತಿರುತ್ತಾರಂತೆ. ಒಂದೇ ಷರತ್ತು ಹಾಕಿದೆ. ಅಮ್ಮನಿಗೆ ಪದ ಎತ್ತಿಕೊಡಬಾರದು.

“ನಾನಾ! ನಾನು ಮಾತೇ ಆಡಲ್ಲಪ್ಪಾ,” ಎಂದರು. ಆಮೇಲೆ ಬಹಳ ಹೊತ್ತು ಆಡಿದರು.

ಸೆಪ್ಟೆಂಬರ್ ೯, ಮಂಗಳವಾರ

ಖಾಲಿ ಕುರ್ಚಿಯೊಂದನ್ನು ಸಭಾಪಾಲಕರ ಎದುರಿಗಿಟ್ಟೆ. ಅಲ್ಲಿ ಅಣ್ಣ ಕೂತಿದ್ದಾನೆಂದು ಭಾವಿಸಿ ಮಾತಾಡಿ, ಕಣ್ಣು ತೆರೆದೇ ಇರಲಿ ಎಂದೆ. ಮೊದಲು ನಾಚಿಕೊಂಡರು. “ಅಣ್ಣಾ, ನಿನ್ನ ಸೈಕಲ್ಲು ಮುರಿದಿದ್ದು ನಾನೇ,” ಎಂದು ಶುರುವಾಯಿತು. ಅಲ್ಲಿಂದ ಹಳ್ಳ ಹರಿದಂತೆ. ನಕ್ಕರು, ಅತ್ತರು, ಕುರ್ಚಿಯ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

ಆಮೇಲೆ ಸಟ್ಟನೆ ಮುಖ ಮೇಲೆತ್ತಿ, ಬೇರೆಯೇ ದನಿಯಲ್ಲಿ, “ನೀನಾದ್ರೂ ನನ್ನ ಭುಜ ತಟ್ಟಬಾರದಿತ್ತಾ? ನಿನ್ನ ಹತ್ರಾನೇ ಮಾತಾಡ್ತಿದ್ನಲ್ಲ! ನಿಲ್ಲಿಸೋ ದಡ್ಡ, ಕಣ್ಣು ಬಿಟ್ಟು ನೋಡೋ ಅನ್ನಬಾರದಿತ್ತಾ?”

ಕಿಟಕಿಯ ಗಾಜು ನಡುಗಿತು. ಅವರ ಹೆಂಡತಿ ಹೇಳಿದ ಮಾತು ನಿಜ, ಮೈಕು ಬೇಡ.

ನನಗೆ ಒಂದು ಮಾತು ಹೊಳೆಯಿತು. ತಟ್ಟಿದ ಕೈಯೊಂದು ಇತ್ತಲ್ಲ. ತುಂಬ ಒಳ್ಳೆಯ ಮಾತು. ನುಂಗಿಕೊಂಡೆ. ಅದು ಸಿಗಬೇಕಾದರೆ ಅವರಿಗೇ ಸಿಗಬೇಕು.

ಅವರು ದಿಗಿಲಿನಿಂದ ನನ್ನ ಕಡೆ ತಿರುಗಿದರು. “ದೇವರನ್ನ ಬೈದುಬಿಟ್ಟೆ.”

“ದನಿ ಕಟ್ಟಿತಾ?” ಎಂದೆ.

ಗಂಟಲು ಮುಟ್ಟಿ ನೋಡಿಕೊಂಡರು.

ಸೆಪ್ಟೆಂಬರ್ ೧೬, ಮಂಗಳವಾರ

ಸಭಾಪಾಲಕರದು ಇವತ್ತು ಹಿಂದೆ ಸರಿಯುವ ಮಾತು. ಮನೆಯಲ್ಲಿ ಕಣ್ಣು ಬಿಟ್ಟು ಪ್ರಾರ್ಥಿಸುತ್ತಿದ್ದಾರೆ, ದನಿ ಬರುತ್ತಿದೆ. ಆದರೆ ಪೀಠದ ಮೇಲೆ ಹಾಗೆ ನಿಂತರೆ? “ಸಭೆಗೆ ಸಭೆಯೇ ಕಣ್ಣು ಮುಚ್ಚಿರುತ್ತೆ, ಪಾದ್ರಿ ಮಾತ್ರ ಪಿಳಿಪಿಳಿ ನೋಡ್ತಾನೆ. ಭಕ್ತಿ ಇಲ್ಲ, ನಾಟಕ ಅಂತಾರೆ ಹಿರಿಯರು. ಅದರ ಬದಲು ಮರ್ಯಾದೆಯಿಂದ ನಾನೇ ಬಿಟ್ಟುಕೊಡ್ತೀನಿ.”

ನಾನು ಒತ್ತಾಯಿಸಲಿಲ್ಲ. ಬಿಟ್ಟುಕೊಟ್ಟರೆ ಯಾವುದು ತಪ್ಪುತ್ತದೆ, ಯಾವುದು ಉಳಿಯುತ್ತದೆ ಎಂದು ಕೇಳಿದೆ. ಯೋಚಿಸುತ್ತಾ ಮೆಟ್ಟಿಲಿಳಿದು ಹೋದರು. ನನಗೂ ಭಯವಿದೆ. ಇದ್ದುಕೊಳ್ಳಲಿ.

ಸೆಪ್ಟೆಂಬರ್ ೨೩, ಮಂಗಳವಾರ

“ನಿಲ್ತೀನಿ,” ಎಂದರು ಕೂರುವ ಮುಂಚೆಯೇ. “ನೀವು ಬರ್ಬೇಕು. ನನಗೆ ಧೈರ್ಯಕ್ಕಲ್ಲ, ಸಾಕ್ಷಿಗೆ.”

ಸರ್‌ಗೆ ಫೋನ್ ಮಾಡಿ, ಹೋಗುವುದು ಸರಿಯೇ ಎಂದು ಕೇಳಿದೆ. “ಅವರು ಕರೆದ್ರಲ್ಲ, ಹೋಗು. ಕೊನೇ ಬೆಂಚಲ್ಲಿ ಕೂತ್ಕೋ. ಮುಖ್ಯವಾಗಿ, ನಿದ್ದೆ ಬಂದ್ರೂ ಕಣ್ಣು ಮುಚ್ಚಬೇಡ.”

ಸೆಪ್ಟೆಂಬರ್ ೨೮, ಭಾನುವಾರ

ಅಕ್ಷರಗಳು ಸೊಟ್ಟಸೊಟ್ಟಗೆ ಬರುತ್ತಿವೆ. ಆದರೂ ಬರೆದೇ ಮಲಗಬೇಕು.

ಕೊನೆಯ ಬೆಂಚು, ಕಂಬದ ಪಕ್ಕ. ಚರ್ಚು ಕಿಕ್ಕಿರಿದಿತ್ತು. ಸುದ್ದಿ ಎಲ್ಲರಿಗೂ ಗೊತ್ತು. ಹಿರಿಯರು ಮೊದಲ ಸಾಲಿನಲ್ಲಿ ಸಾಲಾಗಿ, ಪರೀಕ್ಷಕರ ಹಾಗೆ. ಹಾಡು ಮುಗಿಯಿತು. “ಪ್ರಾರ್ಥಿಸೋಣ,” ಎಂದರು. ಅಷ್ಟೂ ತಲೆಗಳು ಗಾಳಿಗೆ ಬಾಗುವ ಹುಲ್ಲಿನಂತೆ ಬಾಗಿದವು. ತಲೆಯೆತ್ತಿದ್ದವರು ಇಬ್ಬರೇ, ಅವರು ಮತ್ತು ನಾನು.

“ತಂದೆಯೇ...”

ನಿಂತಿತು.

ಅಭ್ಯಾಸಬಲ. ರೆಪ್ಪೆ ಕೂಡಿಬಿಟ್ಟಿತ್ತು. ಕುತ್ತಿಗೆಯ ನರ ಅಷ್ಟು ದೂರದಿಂದ ಕಂಡಿತು. ಬಲಗೈ ಪೀಠದ ಅಂಚಿನ ಮೇಲೆ ತಡಕಾಡಿತು. ಯಾರೋ ಕೆಮ್ಮಿದರು. ಆರ್ಗನ್ ನುಡಿಸುವಾಕೆ ಕೈ ಮೇಲೆತ್ತಿ ಕಾದಳು. ಅವಳು ನುಡಿಸಿದ್ದರೆ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ನನ್ನ ಬಾಯಲ್ಲಿ ಪ್ರಾರ್ಥನೆಯ ಮುಂದಿನ ಸಾಲು ತಯಾರಾಗಿ ಕೂತಿತ್ತು. ತುಟಿ ಕಚ್ಚಿಕೊಂಡೆ. ಮುಂದಿನ ಬೆಂಚನ್ನು ಹಿಡಿದುಕೊಂಡೆ. ನೋಡುತ್ತಲೇ ಇದ್ದೆ.

ಆ ಕೈ ತಡಕಾಡುತ್ತಾ ಮೇಲೇರಿ ತಮ್ಮದೇ ಭುಜದ ಮೇಲೆ ಕೂತಿತು. ಮೆಲ್ಲಗೆ ಎರಡು ಸಲ ತಟ್ಟಿಕೊಂಡರು. ಕಣ್ಣು ತೆರೆಯಿತು.

“ಕಣ್ಣು ಬಿಡಿ,” ಎಂದರು. ಮೈಕು ಕಿರುಗುಟ್ಟಿತು. “ಎಲ್ಲರೂ. ಇವತ್ತು ಕಣ್ಣು ಬಿಟ್ಟು ಪ್ರಾರ್ಥಿಸೋಣ. ನಿಮ್ಮ ಪಕ್ಕದಲ್ಲಿ ಇರೋರನ್ನ ನೋಡಿ. ಇನ್ನೂ ಇದ್ದಾರಾ? ಇದ್ದಾರಲ್ಲ? ದೇವರಿಗೆ ಸ್ತೋತ್ರ.”

ಸದ್ದಿಲ್ಲದ ಗೊಂದಲ. ತಲೆಗಳು ಒಂದೊಂದಾಗಿ ಎದ್ದವು. ಗಂಡಂದಿರು ಹೆಂಡತಿಯರನ್ನು ಬಸ್ ನಿಲ್ದಾಣದಲ್ಲಿ ಕಂಡ ಹಳೆಯ ಗುರುತಿನವರ ಹಾಗೆ ನೋಡಿದರು. ಒಂದು ಮಗು ಕಿಸಕ್ಕನೆ ನಕ್ಕಿತು.

“ತಂದೆಯೇ, ಅಣ್ಣ ಹೋಗುವಾಗ ನಾನು ನಿನ್ನ ಹತ್ರ ಮಾತಾಡ್ತಾ ಅವನನ್ನ ನೋಡಲಿಲ್ಲ. ನನಗೆ ನಿನ್ನ ಮೇಲೆ ಸಿಟ್ಟಿತ್ತು. ಸ್ವಲ್ಪ ಇನ್ನೂ ಇದೆ. ಆದ್ರೆ ಅವತ್ತು ಒಂದು ಕೈ ನನ್ನ ಭುಜ ತಟ್ಟಿತು, ನಾನು ನಿಲ್ಲಿಸಲಿಲ್ಲ, ಮತ್ತೆ ತಟ್ಟಿತು. ಅದು ಯಾರ ಕೈ ಅಂತ ಈಗ ಒಂಚೂರು ಗೊತ್ತಾಗ್ತಿದೆ. ಇನ್ನು ಮುಂದೆ ಮೊದಲ ಸಲ ತಟ್ಟಿದಾಗಲೇ ಎಚ್ಚರ ಆಗೋ ಹಾಗೆ ಮಾಡು. ಆಮೆನ್.”

ಅಷ್ಟೇ. ಅವರ ಜೀವನದ ಅತಿ ಚಿಕ್ಕ ಪ್ರಾರ್ಥನೆ. ಕಡೆಯ ಪದದವರೆಗೂ ದನಿ ಒಡೆಯಲಿಲ್ಲ, ಕಂಚಿನ ಗಂಟೆಯಂತೆ ಮೊಳಗಿತು. ಸಭೆಯ ‘ಆಮೆನ್’ಗೆ ಮೇಲಿನ ಪಾರಿವಾಳಗಳು ಎದ್ದುಹೋದವು. ನಾನೂ ಕೂಗಿದೆ, ನಾನು! ಕಂಬದ ಪಕ್ಕದ ಮುದುಕರು ತಿರುಗಿ ನೋಡಿದರು.

ಹೊರಗೆ ಬರುವಾಗ ಹಿರಿಯರಲ್ಲಿ ಎಲ್ಲರಿಗಿಂತ ಗಡಸಾಗಿ ಕಂಡವರು ಮೂಗು ಒರೆಸಿಕೊಳ್ಳುತ್ತಾ ಪಕ್ಕದವರಿಗೆ ಹೇಳುತ್ತಿದ್ದರು. “ವಿಶ್ರಾಂತಿ ಗಿಶ್ರಾಂತಿ ಏನೂ ಬೇಡ. ಆದ್ರೆ ಇಷ್ಟು ಬೇಗ ಮುಗಿಸಿದ್ರೆ ಮನೇಲಿ ಅಡುಗೆ ಆಗಿರಲ್ಲ ಅಂತ ಅವರಿಗೆ ಹೇಳ್ಬೇಕು.” ಸಭಾಪಾಲಕರ ಹೆಂಡತಿ ನನ್ನ ಕೈ ಹಿಡಿದುಕೊಂಡರು, ಏನನ್ನೋ ಹೇಳಲು ಹೊರಟರು. ಅವರ ಮಾತಿಗಾಗಿ ಕಾದೆ. ಮಾತು ಬರಲಿಲ್ಲ. ಬೇಕೂ ಇರಲಿಲ್ಲ.

ಮನೆ ಬೀದಿ ತಿರುಗುತ್ತಲೇ ನಮ್ಮ ತೆರೆದ ಬಾಗಿಲು ಕಂಡಿತು. ಹೊಸ್ತಿಲ ಮೇಲೆ ಎದುರು ಮನೆಯ ಅಕ್ಕ, ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. ಒಳಗಿಂದ ಅಮ್ಮನ ನಗು ಕೇಳಿಸುತ್ತಿತ್ತು. ಏನೋ ಆಗಿದೆಯೆಂದು ಓಡಿದೆ. ಏನಾಯ್ತು, ನೀರು ಕೊಟ್ರಾ, ಮಾತ್ರೆ ಕೊಟ್ರಾ ಎಂದು ಕೇಳಬೇಕೆಂದಿದ್ದವಳು ಬಾಯಿ ಮುಚ್ಚಿಕೊಂಡು ಅವರ ಮುಖ ನೋಡುತ್ತಾ ನಿಂತೆ. ಅಕ್ಕ ಗಂಟಲು ಸರಿಮಾಡಿಕೊಂಡರು.

“ದಯವಿಟ್ಟು ಗಮನಿಸಿ. ನಿಮ್ಮಮ್ಮ ‘ನೀ... ನೀ...’ ಅಂದ್ರು. ನಾನು ಷರತ್ತು ಮರೆತು ‘ನೀರು ಬೇಕಾ?’ ಅಂದುಬಿಟ್ಟೆ. ತಗೋ, ಮೇಷ್ಟ್ರಮ್ಮ ಕೈ ಅಡ್ಡ ಹಿಡಿದು, ಕಣ್ಣು ದೊಡ್ಡದು ಮಾಡಿ, ಸ್ಪಷ್ಟವಾಗಿ ಹೇಳಿದ್ರು: ‘ತಾಳು. ನಾನೇ ಹೇಳ್ತೀನಿ.’ ಅಷ್ಟು ಹೇಳಿದ್ದೇ ತಡ, ಏನು ಹೇಳ್ಬೇಕಿತ್ತೋ ಮರೆತೇಹೋಯ್ತು ಅವರಿಗೆ. ಆಗಿಂದ ನಗ್ತಾನೇ ಇದ್ದಾರೆ ಕಣ್ರೀ. ಬನ್ನಿ ಒಳಗೆ, ನಿಮ್ಮದೇ ಮನೆ.”